ಬೆಲ್ಲದ ಕಂಪನಿಯ ಲೋಗೋ: ಎಲ್ಲಿ ಹಾಕೋದು, ಎಷ್ಟು ದೊಡ್ಡದು ಹಾಕೋದು?

ಮಂಡ್ಯ ಕಡೆಯ ಒಂದು ರೈತ ಉತ್ಪಾದಕರ ಕಂಪನಿಯವರು ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಮಳಿಗೆ ಹಾಕಲು ಹೊರಟಿದ್ದರು. ಮಳಿಗೆಯಲ್ಲಿ ನಿಲ್ಲುವ ಹುಡುಗರಿಗೆ ಕಾಲರ್ ಟೀ ಶರ್ಟ್ ಮತ್ತು ಟೋಪಿ, ಬೆಲ್ಲ ಕೊಂಡವರಿಗೆ ಬಟ್ಟೆ ಚೀಲ, ಡೀಲರ್‌ಗಳಿಗೆ ಮಗ್ ಮತ್ತು ಸ್ಟೀಲ್ ಬಾಟಲ್. ಎಲ್ಲದರ ಮೇಲೂ ಕಂಪನಿಯ ಲೋಗೋ ಬರಬೇಕು. ಮಂಡ್ಯದಲ್ಲಿ ನನ್ನದು ಸಣ್ಣ ಪ್ರಿಂಟಿಂಗ್ ಅಂಗಡಿ. ಹೀಟ್ ಪ್ರೆಸ್, ಮಗ್ ಪ್ರೆಸ್, ಸ್ಕ್ರೀನ್ ಪ್ರಿಂಟ್ ಎಳೆಯಲು ಒಂದು ಟೇಬಲ್ ಇದೆ. ಕಂಪ್ಯೂಟರ್ ಎಂಬ್ರಾಯ್ಡರಿ ಮತ್ತು ಲೇಸರ್ ಕೆಲಸವನ್ನು ಮೈಸೂರಿಗೆ ಕೊಡುತ್ತೇನೆ.

ಅಳತೆ ಏನು ಅಂತ ಕೇಳಿದ್ದಕ್ಕೆ ಅಧ್ಯಕ್ಷರು ಹೇಳಿದ್ದು ಇಷ್ಟೇ. "ದೊಡ್ದಾಗಿ ಹಾಕಪ್ಪ. ದೂರದಿಂದ ಕಾಣ್ಬೇಕು. ಕಾಸು ಕೊಡಕಿಲ್ವಾ ನಾವು?"

ದೊಡ್ಡದು ಅನ್ನುವುದು ಅಳತೆ ಅಲ್ಲ. ಎಷ್ಟು ದೂರದಿಂದ, ಯಾರು, ಯಾವ ಕಡೆಯಿಂದ ನೋಡುತ್ತಾರೆ ಅನ್ನುವುದು ಗೊತ್ತಾದರೆ ಅಳತೆ ತಾನಾಗಿ ಬರುತ್ತದೆ. ಬೋರ್ಡ್ ಬರೆಯುವವರದ್ದು ಒಂದು ಹಳೇ ಲೆಕ್ಕ ಇದೆ: 1 ಇಂಚು ಎತ್ತರದ ಅಕ್ಷರವನ್ನು 10 ಅಡಿ ದೂರದಿಂದ ಆರಾಮಾಗಿ ಓದಬಹುದು. ಈ ಕೆಲಸದ ಉದ್ದಕ್ಕೂ ಅದೇ ಲೆಕ್ಕ ಇಟ್ಟುಕೊಂಡೆ. ನೀವೂ ನಿಮ್ಮ ಕಂಪನಿಗೋ ಸಂಘಕ್ಕೋ ಟೀ ಶರ್ಟ್ ಮಾಡಿಸುವವರಾದರೆ ಕೆಲಸಕ್ಕೆ ಬರಲಿ ಅಂತ ಪೂರ್ತಿ ಬರೆದಿಡುತ್ತಿದ್ದೇನೆ.

ಮೊದಲು ಫೈಲ್

ಲೋಗೋ ಬಂದಿದ್ದು ವಾಟ್ಸಾಪ್‌ನಲ್ಲಿ. ಲೆಟರ್‌ಹೆಡ್‌ನ ಫೋಟೋ ಹೊಡೆದು ಕಳಿಸಿದ್ದರು. ಅದನ್ನು ದೊಡ್ಡದು ಮಾಡಿದರೆ ಅಂಚೆಲ್ಲ ಚೌಕ ಚೌಕ. ಮೂಲ ಫೈಲ್ ಹುಡುಕಿಸಿದಾಗ ಹಳೇ ಕೋರೆಲ್‌ಡ್ರಾ ಫೈಲ್ ಒಂದು ಸಿಕ್ಕಿತು. ತೆರೆದು ನೋಡಿದರೆ ಕನ್ನಡ ಇರಬೇಕಾದ ಜಾಗದಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಹೀಗೇ ಆಗೋದು. ಫಾಂಟ್ ಹಾಕಿಕೊಂಡು ತೆರೆದು, ಮೊದಲ ಕೆಲಸವಾಗಿ ಅಕ್ಷರಗಳನ್ನೆಲ್ಲ ಕರ್ವ್‌ಗೆ, ಅಂದರೆ ಫಾಂಟ್ ಬೇಡದ ಬರೀ ಗೆರೆಗಳಿಗೆ, ಬದಲಾಯಿಸಿ ಬೇರೆ ಹೆಸರಲ್ಲಿ ಸೇವ್ ಮಾಡಿದೆ. ಇನ್ನು ಯಾರ ಕಂಪ್ಯೂಟರ್‌ನಲ್ಲಿ ತೆರೆದರೂ ಅಕ್ಷರ ಕೆಡುವುದಿಲ್ಲ. ಲೋಗೋ ಮಾಡಿಸುವಾಗಲೇ ಡಿಸೈನರ್ ಹತ್ತಿರ ಇದನ್ನು ಇಸ್ಕೊಂಡುಬಿಡಿ. ಆಮೇಲೆ ಅವರು ಫೋನ್ ಎತ್ತಲ್ಲ.

ಲೋಗೋ ಹೀಗಿದೆ: ಎರಡು ಸೋಗೆ ಇರುವ ಒಂದು ಕಬ್ಬಿನ ಜಲ್ಲೆ, ಬುಡದಲ್ಲಿ ಒಂದು ಅಚ್ಚು ಬೆಲ್ಲ. ಕೆಳಗೆ ಕಂಪನಿಯ ಪುಟ್ಟ ಹೆಸರು. ಅದರ ಕೆಳಗೆ "ಶುದ್ಧ ಮಂಡ್ಯ ಬೆಲ್ಲ". ಅದಕ್ಕೂ ಕೆಳಗೆ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ, "ರೈತ ಉತ್ಪಾದಕರ ಕಂಪನಿ ನಿಯಮಿತ". ನಾಲ್ಕು ಅಂತಸ್ತು. ಲೆಟರ್‌ಹೆಡ್‌ಗೆ ಚೆನ್ನಾಗಿದೆ, ಟೋಪಿಗೆ ಆಗಲ್ಲ.

ಅದಕ್ಕೇ ಒಂದೇ ಲೋಗೋವನ್ನು ಮೂರು ಮಾಡಿಕೊಂಡೆ. ಪೂರ್ತಿ ಇರುವುದು ಒಂದು. ಜಲ್ಲೆ ಮತ್ತು ಹೆಸರು ಮಾತ್ರ ಇರುವುದು ಇನ್ನೊಂದು. ಬರೀ ಜಲ್ಲೆ ಮೂರನೆಯದು. ಮೂರನ್ನೂ ಒಂದೇ ಬಣ್ಣದಲ್ಲೂ ಮಾಡಿಟ್ಟೆ, ಯಾಕೆಂದರೆ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್ ಬೇಕು, ಚೀಲಕ್ಕೆ ಇರುವುದು ಒಂದೇ ಸ್ಕ್ರೀನ್. ಬಾಟಲಿಯ ಮೇಲಿನ ಲೋಗೋ ಲೇಸರ್‌ನದು, ಅದಕ್ಕೆ ಬಣ್ಣವೇ ಇಲ್ಲ. ಒಂದು ಬಣ್ಣದಲ್ಲಿ ನಿಲ್ಲದ ಲೋಗೋ ಎಲ್ಲೋ ಒಂದು ಕಡೆ ಕೈಕೊಡುತ್ತದೆ. ಇದರಲ್ಲಿ ಹಸಿರು ಸೋಗೆಯೂ ಕಂದು ಬೆಲ್ಲವೂ ಒಂದಕ್ಕೊಂದು ತಾಗಿಕೊಂಡಿದ್ದವು. ಒಂದೇ ಬಣ್ಣ ಮಾಡಿದಾಗ ಎರಡೂ ಸೇರಿ ಮುದ್ದೆಯಾದವು. ನಡುವೆ 1 ಮಿಲಿಮೀಟರ್ ಸಂದು ಬಿಡಿಸಿದೆ.

ಎದೆ ಮೇಲೆ ಎಲ್ಲಿ?

ಕಂಪ್ಯೂಟರ್ ಪರದೆ ಮೇಲೆ ಟೀ ಶರ್ಟ್‌ನ ಚಿತ್ರ ಇಟ್ಟು ಅದರ ಮೇಲೆ ಲೋಗೋ ಅಂಟಿಸಿ ತೋರಿಸುವುದು ಈಗ ಎಲ್ಲರೂ ಮಾಡುವ ಕೆಲಸ. ಗಿರಾಕಿಯೂ ಖುಷಿಯಾಗಿ ಓಕೆ ಅನ್ನುತ್ತಾರೆ. ಆದರೆ ಆ ಚಿತ್ರದಲ್ಲಿರುವ ಮನುಷ್ಯನಿಗೆ ಹೊಟ್ಟೆ ಇರುವುದಿಲ್ಲ, ಅಲ್ವಾ? ನಾನು ಜಲ್ಲೆ ಮತ್ತು ಹೆಸರಿನ ಲೋಗೋವನ್ನು ಬಿಳಿ ಹಾಳೆಯಲ್ಲಿ 2.5 ಇಂಚಿನಿಂದ 5 ಇಂಚು ಅಗಲದ ತನಕ ಅರ್ಧರ್ಧ ಇಂಚು ಹೆಚ್ಚಿಸುತ್ತಾ ಪ್ರಿಂಟ್ ತೆಗೆದು ಕತ್ತರಿಸಿಕೊಂಡೆ. ಕಂಪನಿಯ ಗೋಡೌನ್‌ನಲ್ಲಿ ಸ್ಮಾಲ್ ಸೈಜಿನ ಒಬ್ಬ ಹುಡುಗನಿಗೂ ಡಬಲ್ ಎಕ್ಸೆಲ್ ಸೈಜಿನ ಅಕೌಂಟೆಂಟ್ ಅಣ್ಣನಿಗೂ ಸ್ಯಾಂಪಲ್ ಟೀ ಶರ್ಟ್ ತೊಡಿಸಿ, ಹಾಳೆ ಚೂರನ್ನು ಟೇಪ್ ಹಾಕಿ ಎದೆಗೆ ಅಂಟಿಸಿದೆ.

5 ಇಂಚಿನದು ಹುಡುಗನ ಎದೆಯಲ್ಲಿ ಒಂದು ಕಡೆ ಗುಂಡಿ ಪಟ್ಟಿಗೆ ತಾಗಿತು, ಇನ್ನೊಂದು ಕಡೆ ಕಂಕುಳಿಗೆ ಹೋಯಿತು. ಕೈ ಎತ್ತಿದರೆ ಅರ್ಧ ಲೋಗೋ ಮಡಿಕೆಯೊಳಗೆ. 4 ಇಂಚಿನದು ಅಕೌಂಟೆಂಟ್ ಅಣ್ಣನಿಗೆ ಸರಿ, ಹುಡುಗನಿಗೆ ಜಾಸ್ತಿ. 3.5 ಇಂಚು ಇಬ್ಬರಿಗೂ ಒಪ್ಪಿತು. ಈ ಕಸುಬಿನಲ್ಲಿ ಎಡ ಎದೆಯ ಲೋಗೋ ಸಾಮಾನ್ಯವಾಗಿ 3ರಿಂದ 4 ಇಂಚು ಅಗಲ ಇರುತ್ತದೆ. ಅದು ಸುಮ್ನೆ ಬಂದ ರೂಢಿ ಅಲ್ಲ. ಗುಂಡಿ ಪಟ್ಟಿಗೂ ತೋಳಿನ ಹೊಲಿಗೆಗೂ ನಡುವೆ ಚಪ್ಪಟೆಯಾಗಿ ಸಿಗುವ ಜಾಗವೇ ಅಷ್ಟು.

ಎತ್ತರದ ವಿಷಯ ಇನ್ನೂ ನಾಜೂಕು. ಕಾಲರ್ ಭುಜದ ಹೊಲಿಗೆಗೆ ಸೇರುವ ಜಾಗದಿಂದ ಟೇಪ್ ಕೆಳಗೆ ಬಿಟ್ಟು ಅಳೆಯಬೇಕು. ಅಲ್ಲಿಂದ ಲೋಗೋದ ನಡುಮಧ್ಯಕ್ಕೆ ಸ್ಮಾಲ್‌ಗೆ 7 ಇಂಚು, ಡಬಲ್ ಎಕ್ಸೆಲ್‌ಗೆ 8.5 ಇಂಚು ಇಟ್ಟೆ. ಗುಂಡಿ ಪಟ್ಟಿಯ ನಡುಗೆರೆಯಿಂದ ಪಕ್ಕಕ್ಕೆ ಸ್ಮಾಲ್‌ಗೆ 4 ಇಂಚು, ಡಬಲ್ ಎಕ್ಸೆಲ್‌ಗೆ 5. ಇನ್ನೂ ಕೆಳಗಿಳಿಸಿದರೆ ಹೊಟ್ಟೆ ಶುರುವಾಗುವ ಇಳಿಜಾರಿಗೆ ಲೋಗೋ ಬರುತ್ತದೆ. ಎದುರಿಗಿರುವವರಿಗೆ ಕಬ್ಬು ಬಾಗಿದ ಹಾಗೆ ಕಾಣುತ್ತದೆ. ಮೇಲೇರಿಸಿದರೆ ಕಾಲರ್‌ನ ತುದಿ ಮುಚ್ಚಿಬಿಡುತ್ತದೆ. ಕಾಲರ್ ಟೀ ಶರ್ಟ್‌ಗೆ ಟೇಪ್ ಇಲ್ಲದೆಯೂ ಒಂದು ಗುರುತು ಸಿಗುತ್ತದೆ: ಗುಂಡಿ ಪಟ್ಟಿ ಮುಗಿಯುವ ಕಡೆಯಿಂದ ಅಡ್ಡ ಗೆರೆ, ಕಾಲರ್ ಭುಜಕ್ಕೆ ಸೇರುವ ಕಡೆಯಿಂದ ನೇರ ಗೆರೆ. ಎರಡೂ ಸೇರುವ ಕಡೆ ಲೋಗೋ ಕೂತರೆ ಹೆಚ್ಚುಕಮ್ಮಿ ಸರಿ ಇರುತ್ತದೆ. ಆದರೆ ಗುಂಡಿ ಪಟ್ಟಿಯ ಉದ್ದ ಒಂದೊಂದು ಕಂಪನಿಯ ಬಟ್ಟೆಯಲ್ಲಿ ಒಂದೊಂದು ಥರ. ಕಣ್ಣು ಮುಚ್ಚಿಕೊಂಡು ನಂಬಬೇಡಿ.

ಜೇಬಿರುವ ಶರ್ಟ್ ಆದರೆ ಲೋಗೋ ಜೇಬಿನ ಮೇಲಂಚಿಗಿಂತ ಅರ್ಧದಿಂದ 1 ಇಂಚು ಮೇಲಕ್ಕೆ ಹೋಗಬೇಕು. ಜೇಬಿನ ಮೇಲೇ ಎಂಬ್ರಾಯ್ಡರಿ ಹಾಕಿಸಲು ಹೋದರೆ ಜೇಬೂ ಶರ್ಟೂ ಸೇರಿ ಹೊಲಿದುಹೋಗುತ್ತವೆ. ಹಾಗೆ ಹೊಲಿದ ಶರ್ಟ್ ತೊಟ್ಟು ಪೆನ್ನು ಸಿಕ್ಕಿಸಲು ಪರದಾಡುವವರನ್ನು ನಾನು ನೋಡಿದ್ದೇನೆ.

ಎಲ್ಲ ಸೈಜಿಗೂ ಬೇರೆ ಬೇರೆ ಅಳತೆ ನೆನಪಿಟ್ಟುಕೊಳ್ಳುವುದು ಕಷ್ಟ. ಅದಕ್ಕೆ ದಪ್ಪ ರಟ್ಟಿನಲ್ಲಿ ಒಂದು ಅಚ್ಚು ಮಾಡಿದೆ. ಮೇಲಿನ ಅಂಚನ್ನು ಭುಜದ ಹೊಲಿಗೆಗೆ ಕೂರಿಸಬೇಕು, ಎಡ ಅಂಚು ಗುಂಡಿ ಪಟ್ಟಿಯ ನಡುವಿಗೆ ಬರಬೇಕು. ಪ್ರತಿ ಸೈಜಿಗೂ ಒಂದೊಂದು ತೂತು, ಪಕ್ಕದಲ್ಲಿ ಎಸ್, ಎಂ, ಎಲ್ ಅಂತ ಬರಹ. ತೂತಿನಲ್ಲಿ ಚಾಕ್ ಒತ್ತಿದರೆ ಚುಕ್ಕಿ ಬೀಳುತ್ತದೆ. ಎಂಬ್ರಾಯ್ಡರಿಯವರು ಆ ಚುಕ್ಕಿಗೇ ಬಟ್ಟೆ ಬಿಗಿಯುವ ಫ್ರೇಮ್‌ನ ನಡು ಕೂರಿಸುತ್ತಾರೆ. ಟೀ ಶರ್ಟನ್ನು ಟೇಬಲ್ ಮೇಲೆ ಹರಡುವಾಗ ಎಳೆಯಬಾರದು. ಟೀ ಶರ್ಟ್‌ನ ಹೊಸೈರಿ (ಹೆಣಿಗೆ) ಬಟ್ಟೆ ಎಳೆದಷ್ಟೂ ಬರುತ್ತದೆ, ಎಳೆದು ಇಟ್ಟ ಚುಕ್ಕಿ ಬಿಟ್ಟಾಗ ಜಾಗ ಬದಲಿಸುತ್ತದೆ.

ಒತ್ತಕ್ಷರದ ಕಥೆ

ಈ ಕೆಲಸದಲ್ಲಿ ಹೆಚ್ಚು ಹೊತ್ತು ತಿಂದಿದ್ದು ಇದು. ಕನ್ನಡ ಲೋಗೋ ಮಾಡಿಸುವವರು ಸ್ವಲ್ಪ ನಿಧಾನವಾಗಿ ಓದಿ.

ಎಂಬ್ರಾಯ್ಡರಿ ಮೆಷಿನ್‌ಗೆ ಚಿತ್ರ ಅರ್ಥವಾಗಲ್ಲ. ಸೂಜಿ ಎಲ್ಲಿ ಇಳಿಯಬೇಕು, ಎಲ್ಲಿ ಏಳಬೇಕು ಅನ್ನುವ ಫೈಲ್ ಮಾಡಬೇಕು. ಅದಕ್ಕೆ ನಮ್ಮಲ್ಲಿ ಪಂಚಿಂಗ್ ಅನ್ನುತ್ತಾರೆ. ಮಾಮೂಲಿ 40 ನಂಬರ್ ದಾರದ ಒಂದು ಎಳೆ ಸುಮಾರು 0.4 ಮಿಲಿಮೀಟರ್ ದಪ್ಪ. ಅಕ್ಷರದ ಗೆರೆ ನಿಲ್ಲಬೇಕಾದರೆ 1 ಮಿಲಿಮೀಟರ್ ಆದರೂ ಅಗಲ ಬೇಕು. ಇಂಗ್ಲಿಷ್‌ನ ದೊಡ್ಡಕ್ಷರಕ್ಕೆ 5ರಿಂದ 6 ಮಿಲಿಮೀಟರ್ ಎತ್ತರ ಸಾಕು ಅನ್ನುವುದು ಪಂಚಿಂಗ್ ಮಾಡುವವರ ಲೆಕ್ಕ. ಕನ್ನಡಕ್ಕೆ ಆ ಲೆಕ್ಕ ನಡೆಯುವುದಿಲ್ಲ. ಅಕ್ಷರ 6 ಮಿಲಿಮೀಟರ್ ಇದ್ದರೆ ಅದರ ಕೆಳಗಿನ ಒತ್ತು ಸುಮಾರು 3 ಮಿಲಿಮೀಟರ್‌ಗೆ ಇಳಿಯುತ್ತದೆ. ಆ 3 ಮಿಲಿಮೀಟರ್‌ನೊಳಗೆ ಒಂದು ಸುತ್ತು, ಒಂದು ತೂತು, ಒಂದು ಬಾಲ.

"ಶುದ್ಧ ಮಂಡ್ಯ ಬೆಲ್ಲ" ಅನ್ನುವ ಸಾಲಿನಲ್ಲಿ ಮೂರು ಪದ ಇವೆ, ಮೂರರಲ್ಲೂ ಒತ್ತು ಇದೆ. ಸ್ಯಾಂಪಲ್ ತೆಗೆಸಿ ನೋಡಿದೆವು. ಬೆಲ್ಲದ ಲ ಒತ್ತು ಇರುವೆ ಮುತ್ತಿದ ಬೆಲ್ಲದ ಚೂರಿನ ಹಾಗೆ ಕಪ್ಪಗೆ ಗಂಟಾಗಿತ್ತು. ಮಂಡ್ಯದ ಯ ಒತ್ತಿನ ಬಾಲ ಪಕ್ಕದ ಬೆಗೆ ಹೋಗಿ ಅಂಟಿಕೊಂಡಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಶುದ್ಧದ್ದು. ಧ ಒತ್ತಿನ ಬುಡದಲ್ಲಿ ಒಂದು ಸಣ್ಣ ಸೀಳು ಇರುತ್ತದಲ್ಲ, ದಾರ ಅದನ್ನು ಮುಚ್ಚಿಬಿಟ್ಟಿತ್ತು. "ಶುದ್ದ" ಅಂತ ಓದಿಸುತ್ತಿತ್ತು. ಎದೆ ಮೇಲೆ ಕಾಗುಣಿತ ತಪ್ಪು ಹೊತ್ತುಕೊಂಡು ಮಳಿಗೆಯಲ್ಲಿ ನಿಂತರೆ ಬರುವ ಮೇಷ್ಟ್ರುಗಳು ಸುಮ್ಮನಿರುತ್ತಾರಾ?

ದಾರಿ ಎರಡಿದ್ದವು. 60 ನಂಬರ್‌ನ ತೆಳು ದಾರ ಮತ್ತು ಸಣ್ಣ ಸೂಜಿ ಹಾಕಿದರೆ ಸಣ್ಣ ಅಕ್ಷರ ಬಿಡಿಸಿಕೊಂಡು ಬರುತ್ತದೆ. ಆದರೆ ಮೆಷಿನ್ ನಿಧಾನ ಓಡಿಸಬೇಕು, ಬಣ್ಣವೂ ಎಲ್ಲ ಸಿಗುವುದಿಲ್ಲ. ಇನ್ನೊಂದು ದಾರಿ ಆ ಸಾಲನ್ನೇ ಎದೆಯಿಂದ ತೆಗೆಯುವುದು. ನಾನು ಎರಡನೆಯದಕ್ಕೆ ಓಟು ಹಾಕಿದೆ. ಇಷ್ಟು ಸಣ್ಣ ಅಕ್ಷರವನ್ನು ಯಾರೂ ಎದೆಗೆ ಮುಖ ತಂದು ಓದುವುದಿಲ್ಲ. ಉಳಿದಿದ್ದು ಜಲ್ಲೆ ಮತ್ತು ಕಂಪನಿಯ ಹೆಸರು. ಹೆಸರಿನ ಅಕ್ಷರ 9 ಮಿಲಿಮೀಟರ್ ಎತ್ತರಕ್ಕೆ ಬಂತು. 9 ಮಿಲಿಮೀಟರ್ ಅಂದರೆ ಇಂಚಿನ ಮೂರನೇ ಒಂದು ಭಾಗಕ್ಕಿಂತ ಚೂರು ಜಾಸ್ತಿ. ಬೋರ್ಡಿನವರ ಲೆಕ್ಕದಲ್ಲಿ ಮೂರೂವರೆ ಅಡಿ. ಕೌಂಟರ್‌ನ ಆಚೆ ನಿಂತ ಗಿರಾಕಿಯ ದೂರವೂ ಅಷ್ಟೇ. ಎದೆಯ ಲೋಗೋ ಅವರಿಗಾಗಿಯೇ ಇರುವುದು, ರಸ್ತೆಯಲ್ಲಿ ಹೋಗುವವರಿಗಲ್ಲ.

ನಡು ಕೂರಿಸುವುದರಲ್ಲೂ ಕನ್ನಡ ಬೇರೆ. ಮೆಷಿನ್ ಇಡೀ ಚಿತ್ರಕ್ಕೆ ಒಂದು ಚೌಕ ಹಾಕಿ ಅದರ ಮಧ್ಯ ಹಿಡಿಯುತ್ತದೆ. ಹೆಸರಿನ ಕೆಳಗೆ ಒಂದೇ ಒಂದು ಒತ್ತು ಇಳಿಬಿದ್ದಿದ್ದರೂ ಚೌಕ ಅಷ್ಟು ಕೆಳಗೆ ಬೆಳೆಯುತ್ತದೆ, ಲೋಗೋ ಮೇಲಕ್ಕೆ ಸರಿಯುತ್ತದೆ. ಕಣ್ಣು ಮಾತ್ರ ಒತ್ತನ್ನು ಲೆಕ್ಕಕ್ಕೆ ತಗೊಳ್ಳಲ್ಲ, ಅಕ್ಷರದ ಸಾಲನ್ನೇ ಹಿಡಿಯುತ್ತದೆ. ಕೊನೆಯ ಅಕ್ಷರಕ್ಕೆ ಯ ಒತ್ತೋ ದೀರ್ಘವೋ ಇದ್ದರೆ ಪಕ್ಕಕ್ಕೂ ಇದೇ ಪಾಡು. ಹಾಗಾಗಿ ಫೈಲ್‌ನಲ್ಲಿ ನಡುಬಿಂದುವನ್ನು ಜಲ್ಲೆಯ ನೇರಕ್ಕೆ ಇಡಲು ಹೇಳಿದೆ. "ಮೆಷಿನ್ ಸೆಂಟರ್ ಬೇಡ ಅಂತೀರಲ್ಲ ಸಾರ್, ಆಮೇಲೆ ನಮ್ಮನ್ನ ಬೈಬೇಡಿ" ಅಂದ ಪಂಚಿಂಗ್ ಹುಡುಗ. ತೊಡಿಸಿ ನೋಡಿದ ಮೇಲೆ ಅವನೇ ಒಪ್ಪಿದ.

ದುಡ್ಡಿನ ಮಾತು. ಎಂಬ್ರಾಯ್ಡರಿಗೆ ರೇಟು ಹೊಲಿಗೆ ಲೆಕ್ಕದಲ್ಲಿ, ಸಾವಿರ ಹೊಲಿಗೆಗೆ ಇಷ್ಟು ಅಂತ. ಪೂರ್ತಿ ತುಂಬಿದ ಜಾಗಕ್ಕೆ 1 ಚದರ ಇಂಚಿಗೆ ಸುಮಾರು 2,000 ಹೊಲಿಗೆ ಬೀಳುತ್ತದೆ. ಲೋಗೋದ ಅಗಲ ಎರಡು ಪಟ್ಟಾದರೆ ಹೊಲಿಗೆ ನಾಲ್ಕು ಪಟ್ಟು, ಕಾಸೂ ನಾಲ್ಕು ಪಟ್ಟು. ಬರೀ ಕಾಸಲ್ಲ, ಅಷ್ಟು ದಾರ ಬಿದ್ದ ಜಾಗ ರಟ್ಟಿನಂತೆ ಸೆಟೆದು ನಿಲ್ಲುತ್ತದೆ, ಸುತ್ತ ಬಟ್ಟೆ ಸುಕ್ಕುಗಟ್ಟುತ್ತದೆ. ಸುಕ್ಕು ತಡೆಯಲು ಹಿಂದೆ ಕತ್ತರಿಸಿ ತೆಗೆಯುವ ಥರದ ಬ್ಯಾಕಿಂಗ್ ಪೇಪರ್ ಹಾಕಿಸಿ. ಹರಿದು ತೆಗೆಯುವ ಪೇಪರ್ ಟೋಪಿಯಂಥ ಗಟ್ಟಿ ಬಟ್ಟೆಗೆ ಸರಿ, ಹೊಸೈರಿಗೆ ಬೇಡ. ಒಗೆದ ಮೇಲೆ ಆಸರೆ ಇಲ್ಲದೆ ಲೋಗೋ ಮುದುಡಿಕೊಳ್ಳುತ್ತದೆ.

ಬೆನ್ನಿಗೆ ಅಧ್ಯಕ್ಷರ ಆಸೆ

ದೂರದಿಂದ ಕಾಣಬೇಕು ಅನ್ನುವ ಆಸೆಯೂ ತಪ್ಪಲ್ಲ. ವಸ್ತುಪ್ರದರ್ಶನ ನಡೆಯುವ ದೊಡ್ಡಕೆರೆ ಮೈದಾನದಲ್ಲಿ ಸಂಜೆ ಹೊತ್ತು ಜನ ಹೇಗೆ ನುಗ್ಗುತ್ತಾರೆ ಅಂತ ದಸರಾ ನೋಡಿದವರಿಗೆ ಗೊತ್ತು. ಆ ಗದ್ದಲದಲ್ಲಿ ಮಳಿಗೆಯ ಹುಡುಗ ಬಾಕ್ಸ್ ಎತ್ತಲು ತಿರುಗಿದಾಗ ಕಾಣುವುದು ಬೆನ್ನು. ದೊಡ್ಡದನ್ನು ಅಲ್ಲಿ ಹಾಕೋಣ ಅಂದೆ. ಅಧ್ಯಕ್ಷರ ಮುಖ ಅರಳಿತು.

ಬೆನ್ನಿಗೆ ಲೋಗೋ ಇಲ್ಲ, ಕಂಪನಿ ಹೆಸರೂ ಇಲ್ಲ. ಬರೀ "ಮಂಡ್ಯ ಬೆಲ್ಲ". ಅಗಲ 10 ಇಂಚು, ಕಾಲರ್‌ನ ಹೊಲಿಗೆಯಿಂದ 4 ಇಂಚು ಕೆಳಗೆ. ಅಕ್ಷರ ಒಂದೂವರೆ ಇಂಚು ಎತ್ತರ ಬಂತು. ಅಂದರೆ 15 ಅಡಿ ದೂರ. ಕಾಲರ್ ಮಡಿಸಿದಾಗ ಹಿಂದೆ ಒಂದೆರಡು ಇಂಚು ಕೆಳಗೆ ಬೀಳುತ್ತದೆ. ಅದಕ್ಕೇ 4 ಇಂಚು ಬಿಡುವುದು.

ಒಂದೇ ಸ್ಕ್ರೀನ್‌ನಲ್ಲಿ ಎಲ್ಲ ಸೈಜೂ ಹೊಡೆಯಬೇಕಾದ್ದರಿಂದ ಅಗಲವನ್ನು ಸ್ಮಾಲ್ ಟೀ ಶರ್ಟ್ ನೋಡಿಯೇ ಗೊತ್ತು ಮಾಡಬೇಕು. 38 ಇಂಚಿನ ಎದೆಯಳತೆ ಅಂದರೆ ಹರಡಿದಾಗ 19 ಇಂಚು. ಅದರಲ್ಲಿ ಬೆನ್ನಿನ ಮೂಳೆಗಳ ನಡುವೆ ಚಪ್ಪಟೆ ಸಿಗುವುದು 11 ಇಂಚಿನೊಳಗೆ. ದೊಡ್ಡ ಸೈಜಿನಲ್ಲಿ ಅದೇ 10 ಇಂಚು ಚೂರು ಚಿಕ್ಕದಾಗಿ ಕಾಣುತ್ತದೆ, ಪರವಾಗಿಲ್ಲ.

ಡಿಟಿಎಫ್ (ಫಿಲ್ಮ್ ಮೇಲೆ ಪ್ರಿಂಟ್ ತೆಗೆದು ಬಿಸಿ ಒತ್ತಿ ಬಟ್ಟೆಗೆ ಅಂಟಿಸುವುದು) ಯಾಕೆ ಬೇಡ ಅಂತ ಕೇಳಿದರು. ಎಷ್ಟು ಬಣ್ಣ ಬೇಕಾದರೂ ಬರುತ್ತದೆ, ಸ್ಕ್ರೀನ್ ಮಾಡುವ ಖರ್ಚಿಲ್ಲ. ನಿಜ. ಆದರೆ ಅದು ಬಟ್ಟೆಯ ಮೇಲೆ ಕೂರುವ ತೆಳು ಪದರ. ಗಾಳಿ ಆಡಲ್ಲ. ಸಣ್ಣ ಲೋಗೋಗೆ ತೊಂದರೆ ಇಲ್ಲ, ಬೆನ್ನ ತುಂಬ ತುಂಬಿದ ಚಿತ್ರ ಅಂಟಿಸಿಕೊಂಡು ಬಲ್ಬಿನ ಕೆಳಗೆ ರಾತ್ರಿ ತನಕ ನಿಲ್ಲುವ ಹುಡುಗ ಬೈದುಕೊಳ್ಳುತ್ತಾನೆ. ಬರೀ ಅಕ್ಷರ, ಒಂದೇ ಬಣ್ಣ ಅಂದಮೇಲೆ ಸ್ಕ್ರೀನ್ ಪ್ರಿಂಟೇ ಮೇಲು.

ಟೋಪಿ

ಬೇಗ ಮುಗಿಸುತ್ತೇನೆ. ಟೋಪಿಯ ಮುಂಭಾಗ ನೋಡಲು ದೊಡ್ಡದು, ಸೂಜಿಗೆ ಸಿಗುವುದು ಕಮ್ಮಿ. ಎತ್ತರ 2 ಇಂಚು ದಾಟಿದರೆ ಬುರುಡೆಯ ಬಾಗು ಶುರುವಾಗಿ ಚಿತ್ರ ಸೊಟ್ಟಗಾಗುತ್ತದೆ. ಕೆಳಗೆ ಅಂಚಿನ ಹೊಲಿಗೆಯಿಂದ ಅರ್ಧ ಇಂಚು ಬಿಡಲೇಬೇಕು, ಇಲ್ಲದಿದ್ದರೆ ಫ್ರೇಮ್ ತಾಗುತ್ತದೆ. ಇಷ್ಟರೊಳಗೆ ಅಕ್ಷರದ ಆಸೆ ಬಿಟ್ಟು ಬರೀ ಜಲ್ಲೆ ಹಾಕಿಸಿದೆ, 1.9 ಇಂಚು ಎತ್ತರ.

ಆರು ತುಂಡಿನ ಟೋಪಿಗೆ ನಡುವೆ ಒಂದು ಹೊಲಿಗೆ ಬರುತ್ತದೆ. ತೆಳು ಗೆರೆ ಅದರ ಮೇಲೆ ಬಿದ್ದರೆ ಮುಳುಗಿಹೋಗುತ್ತದೆ. ನಮ್ಮ ಜಲ್ಲೆ ಸರಿಯಾಗಿ ಅದರ ಮೇಲೇ ನೆಟ್ಟಗೆ ನಿಲ್ಲುತ್ತಿತ್ತು. ಜಲ್ಲೆಯನ್ನು 5 ಮಿಲಿಮೀಟರ್ ದಪ್ಪ ಮಾಡಿಸಿ, ಮೊದಲು ಕೆಳಪದರದ ಹೊಲಿಗೆ ಹಾಕಿಸಿ, ಆಮೇಲೆ ಮೇಲಿನದ್ದು. ಟೋಪಿಯಲ್ಲಿ ಹೊಲಿಗೆ ಯಾವಾಗಲೂ ಕೆಳಗಿನಿಂದ ಮೇಲಕ್ಕೆ, ನಡುವಿನಿಂದ ಪಕ್ಕಕ್ಕೆ ಹೋಗಬೇಕು. ಟೀ ಶರ್ಟ್‌ನ ಫೈಲನ್ನೇ ಸಣ್ಣದು ಮಾಡಿ ಟೋಪಿಗೆ ಹಾಕುತ್ತೇವೆ ಅನ್ನುವವರು ಸಿಗುತ್ತಾರೆ. ಬೇಡ ಅನ್ನಿ. ಬಟ್ಟೆ ಮಧ್ಯದಲ್ಲಿ ಉಬ್ಬಿ ನಿಲ್ಲುತ್ತದೆ.

5 ಕೆಜಿ ಬೆಲ್ಲ ತುಂಬಿ ನೋಡಿದ್ದು

2016ರಲ್ಲಿ ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧ ಆದಮೇಲೆ ಬಟ್ಟೆ ಚೀಲದ ಆರ್ಡರ್ ಬರುತ್ತಲೇ ಇವೆ. ಆದರೂ ಹೆಚ್ಚಿನವರು ಲೋಗೋವನ್ನು ಖಾಲಿ ಚೀಲದ ನಟ್ಟನಡುವೆ ಹೊಡೆಸುತ್ತಾರೆ. ಚೀಲ ಖಾಲಿ ಇರುವುದು ಅಂಗಡಿಯ ಕಪಾಟಿನಲ್ಲಿ ಮಾತ್ರ ಅಲ್ವಾ?

ನಮ್ಮದು 14 ಇಂಚು ಅಗಲ, 16 ಇಂಚು ಉದ್ದದ, ಬ್ಲೀಚ್ ಮಾಡದ ಹತ್ತಿ ಬಟ್ಟೆಯ ಚೀಲ. ಕಾಗದದ ಲೋಗೋ ಅಂಟಿಸಿ, ಒಳಗೆ ಕೆಜಿ ಬಾಕ್ಸ್ ಐದು ತುಂಬಿದೆ. ಬುಡದ 4 ಇಂಚು ಬಟ್ಟೆ ಬಾಕ್ಸಿನ ಅಡಿಗೆ ಮಡಚಿಕೊಂಡು ಕಾಣದೇ ಹೋಯಿತು. ಹುಡುಗಿಯೊಬ್ಬಳು ಹೆಗಲಿಗೆ ಹಾಕಿಕೊಂಡಳು. ಮೇಲಿನ 4 ಇಂಚು ತೋಳಿನ ಕೆಳಗೆ ಹೋಯಿತು. ಉಳಿದಿದ್ದು ನಡುವಿನ 8 ಇಂಚು. ಅದರಲ್ಲೂ ಎಡಬಲದ ಎರಡೆರಡು ಇಂಚು ಪಕ್ಕಕ್ಕೆ ತಿರುಗಿಕೊಂಡಿತ್ತು. ಸ್ಕೂಟರ್ ಕೊಕ್ಕೆಗೆ ಸಿಕ್ಕಿಸಿ ನೋಡಿದಾಗ ಕೂಡ ಕಾಣುವ ಜಾಗ ಅದೇ.

ಅಲ್ಲಿಗೆ ಅಳತೆ ಸಿಕ್ಕಿತು. 8 ಇಂಚು ಅಗಲ, 6.5 ಇಂಚು ಎತ್ತರ, ಮೇಲಂಚಿನಿಂದ 5 ಇಂಚು ಕೆಳಗೆ ಶುರು. ಖಾಲಿ ಚೀಲದಲ್ಲಿ ನೋಡಿದರೂ ಕಣ್ಣಿಗೆ ಸರಿಯಾಗೇ ಕೂರುತ್ತದೆ. ಪೂರ್ತಿ ಲೋಗೋಗೆ ಜಾಗ ಸಿಕ್ಕಿದ್ದು ಇಲ್ಲೊಂದೇ ಕಡೆ, ನಾಲ್ಕು ಅಂತಸ್ತೂ ಬಂದವು.

ಒರಟು ಬಟ್ಟೆಯಲ್ಲಿ ಇಂಕು ಹರಡುತ್ತದೆ. "ಉತ್ಪಾದಕರ" ಅನ್ನುವಲ್ಲಿ ಪ ಒತ್ತಿನ ಒಳಗಿನ ಬಿಳಿ ಜಾಗ ಮುಚ್ಚಿಹೋಗುತ್ತಿತ್ತು. ಕೊನೆಯ ಸಾಲಿನ ಫಾಂಟನ್ನು ತೆಳು ಮಾಡಿ ಅಕ್ಷರದ ನಡುವೆ ಅಂತರ ಹೆಚ್ಚಿಸಿದ ಮೇಲೆ ಬಿಡಿಸಿಕೊಂಡಿತು. ದಪ್ಪ ಮಾಡಿದರೆ ಚೆನ್ನಾಗಿ ಓದಿಸುತ್ತದೆ ಅನ್ನಿಸುವುದು ಸಹಜ, ಆದರೆ ಇಲ್ಲಿ ಉಲ್ಟಾ. ಬಣ್ಣ ಗಾಢ ಕಂದು. ಹಸಿರನ್ನೂ ಹಾಕಿ ಎರಡು ಸ್ಕ್ರೀನ್ ಮಾಡಬಹುದಿತ್ತು, 500 ಚೀಲಕ್ಕೆ ಆ ಖರ್ಚು ಗಿಟ್ಟುವಂಥದ್ದಲ್ಲ ಅಂತ ನಾನೇ ಬೇಡ ಅಂದೆ.

ಮಗ್, ಬಾಟಲ್, ಪೆನ್ನು

ಮಗ್‌ನಲ್ಲಿ ಒಂದು ಪ್ರಶ್ನೆ ಮೊದಲೇ ಕೇಳಿಕೊಳ್ಳಿ: ಲೋಗೋ ಕಾಣಬೇಕಾದ್ದು ಕುಡಿಯುವವರಿಗೋ, ಎದುರು ಕೂತವರಿಗೋ? ಬಲಗೈಯಲ್ಲಿ ಹಿಡಿದಾಗ ಹಿಡಿಕೆ ಬಲಕ್ಕಿರುತ್ತದೆ, ಕುಡಿಯುವವರಿಗೆ ಕಾಣುವುದು ಒಂದು ಮೈ. ಎದುರಿನವರಿಗೆ ಕಾಣುವುದು ಇನ್ನೊಂದು ಮೈ. ಹಿಡಿಕೆಗೆ ನೇರ ಎದುರಿನ ಜಾಗ ಇಬ್ಬರಿಗೂ ಸರಿಯಾಗಿ ಕಾಣಲ್ಲ. ಫೋಟೋಗೆ ಮಾತ್ರ ಅಂದ. ಡೀಲರ್‌ನ ಟೇಬಲ್ ಮೇಲೆ ಇರುವ ಮಗ್ ಆದ್ದರಿಂದ ಎದುರಿನವರ ಕಡೆಗೆ ಜಲ್ಲೆ ಮತ್ತು ಹೆಸರು, ಕುಡಿಯುವವರ ಕಡೆಗೆ "ಮಂಡ್ಯ ಬೆಲ್ಲ" ಅಂತ ಹಾಕಿದೆ.

ಜಾಗ ಗುರುತು ಮಾಡುವುದು ಸುಲಭ. ಮಾಮೂಲಿ 11 ಔನ್ಸ್ ಮಗ್‌ನ ಸುತ್ತಳತೆ 26 ಸೆಂಟಿಮೀಟರ್ ಹತ್ತಿರ. ಅದರ ಕಾಲು ಭಾಗ 6.5 ಸೆಂಟಿಮೀಟರ್. ಹಿಡಿಕೆಯ ನಡುವಿನಿಂದ ಎರಡೂ ಕಡೆಗೆ ಅಷ್ಟು ಅಳೆದರೆ ಅದೇ ಲೋಗೋದ ನಡು. ಅಗಲ 6 ಸೆಂಟಿಮೀಟರ್ ಇಟ್ಟೆ. ಪ್ರಿಂಟನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ತೆಗೆಯಬೇಕು ಅನ್ನುವುದನ್ನು ಸಬ್ಲಿಮೇಶನ್ (ಹಾಳೆಯ ಇಂಕನ್ನು ಬಿಸಿಯಲ್ಲಿ ಮಗ್‌ಗೆ ಇಳಿಸುವುದು) ಮಾಡುವವರಿಗೆ ಹೇಳಬೇಕಾಗಿಲ್ಲ. ಅಕ್ಷರ ತಿರುಗಿದ್ದರೆ ತಕ್ಷಣ ಗೊತ್ತಾಗುತ್ತದೆ, ಬರೀ ಜಲ್ಲೆ ತಿರುಗಿದ್ದರೆ ಗೊತ್ತಾಗಲ್ಲ. ಸೋಗೆ ಯಾವ ಕಡೆ ಬಾಗಿದೆ ಅಂತ ಹಾಳೆಯ ಮೂಲೆಯಲ್ಲಿ ಬಾಣದ ಗುರುತು ಹಾಕಿಟ್ಟುಕೊಂಡೆ.

ಬಾಟಲಿಗೂ ಇದೇ ಲೆಕ್ಕ, ಇನ್ನೂ ಬಿಗಿ. 7 ಸೆಂಟಿಮೀಟರ್ ದಪ್ಪದ ಬಾಟಲಿಗೆ ಸುತ್ತಳತೆ 22. ಕಾಲು ಭಾಗ 5.5. ಅದಕ್ಕಿಂತ ಅಗಲ ಹಾಕಿದರೆ ಅಂಚಿನ ಅಕ್ಷರಗಳು ಬಾಗಿನ ಆಚೆ ಜಾರಿ, ಓದಲು ಬಾಟಲಿ ತಿರುಗಿಸಬೇಕಾಗುತ್ತದೆ. ಅಧ್ಯಕ್ಷರು ಹೆಸರನ್ನು ಬಾಟಲಿಯ ಉದ್ದಕ್ಕೆ ಮಲಗಿಸಿ ಬರೆಯೋಣ ಅಂದರು. ಇಂಗ್ಲಿಷ್ ಹೆಸರಿಗೆ ಹಾಗೆ ಮಾಡಿರುವುದನ್ನು ಎಲ್ಲೋ ನೋಡಿದ್ದರು. ಕನ್ನಡ ಮಲಗಿಸಿದರೆ ಒತ್ತೆಲ್ಲ ಪಕ್ಕಕ್ಕೆ ಚಾಚಿಕೊಂಡು ಓದುವವರ ಕತ್ತು ನೋಯುತ್ತದೆ. ಜಲ್ಲೆ ಹೇಗೂ ನೆಟ್ಟಗಿದೆ, ಬಾಟಲಿಯೂ ನೆಟ್ಟಗಿದೆ. 8 ಸೆಂಟಿಮೀಟರ್ ಎತ್ತರದ ಜಲ್ಲೆ, ಕೆಳಗೆ 5 ಸೆಂಟಿಮೀಟರ್ ಅಗಲದಲ್ಲಿ ಹೆಸರು. ಹಸಿರು ಪೇಂಟ್ ಇರುವ ಬಾಟಲ್ ತಗೊಂಡಿದ್ದರಿಂದ ಲೇಸರ್ ಪೇಂಟನ್ನು ಸುಟ್ಟು ತೆಗೆದು ಒಳಗಿನ ಸ್ಟೀಲ್ ಕಾಣಿಸಿತು. ಹೊಳೆಯುವ ಜಲ್ಲೆ. ಇಡೀ ಆರ್ಡರ್‌ನಲ್ಲಿ ನನಗೆ ಹೆಚ್ಚು ಇಷ್ಟವಾಗಿದ್ದು ಇದು.

ಪೆನ್ನೂ ಬೇಕು ಅಂದಿದ್ದರು. ಪೆನ್ನಿನ ಮೇಲೆ ಸಿಗುವುದು 6–7 ಮಿಲಿಮೀಟರ್ ಎತ್ತರದ ಪಟ್ಟಿ. ಒತ್ತು ಸೇರಿಸಿ ಒಂದು ಸಾಲು ಕನ್ನಡ ಕೂರುತ್ತದೆ, ಲೋಗೋ ಕೂರಲ್ಲ. ಹೆಸರು ಮತ್ತು ಫೋನ್ ನಂಬರ್ ಹಾಕಿಸಿ, ಇಲ್ಲದಿದ್ದರೆ ಬಿಡಿ ಅಂದೆ. ಬಿಟ್ಟರು.

ಸಹಿ ಹಾಕಿಸಿಕೊಳ್ಳುವುದು

ಕೆಲಸ ಶುರು ಮಾಡುವ ಮೊದಲು ಒಂದೇ ಹಾಳೆಯಲ್ಲಿ ಪ್ರತಿ ವಸ್ತುವಿಗೂ ಅಗಲ, ಎತ್ತರ, ಎಲ್ಲಿಂದ ಎಲ್ಲಿಗೆ ಎಷ್ಟು, ದಾರದ ನಂಬರ್, ಇಂಕಿನ ಬಣ್ಣ ಬರೆದೆ. ಜೊತೆಗೆ ನಿಜವಾದ ಅಳತೆಯ ಕಾಗದದ ತುಂಡುಗಳನ್ನು ಪಿನ್ ಮಾಡಿ ಅಧ್ಯಕ್ಷರ ಸಹಿ ತಗೊಂಡೆ. ಮೊಬೈಲ್‌ನಲ್ಲಿ ಓಕೆ ಅಂದಿದ್ದನ್ನು ನಾನು ಲೆಕ್ಕಕ್ಕೆ ಇಡಲ್ಲ. ಅಲ್ಲಿ ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿರುತ್ತಾರೆ.

ಟೀ ಶರ್ಟ್‌ಗಳು ಬಂದ ಮೇಲೆ ಒಂದನ್ನು ಬಿಸಿನೀರು, ಬ್ರಷ್, ಬಿಸಿಲು ಎಲ್ಲದಕ್ಕೂ ಕೊಟ್ಟೆ. ನಮ್ಮ ಮನೆಗಳಲ್ಲಿ ಒಗೆಯುವುದೇ ಹಾಗೆ. ಎದೆಯ ಲೋಗೋ ಮುದುಡಲಿಲ್ಲ. ಬೆನ್ನಿನ ಅಕ್ಷರ ಬಿರುಕು ಬಿಡಲಿಲ್ಲ. ಆಮೇಲೆ ತ್ರಿಬಲ್ ಎಕ್ಸೆಲ್ ನಾಲ್ಕು ಹೊಸದಾಗಿ ಸೇರಿದವು. ರಟ್ಟಿನ ಅಚ್ಚಿನಲ್ಲಿ 9 ಇಂಚಿಗೆ ಇನ್ನೊಂದು ತೂತು ಕೊರೆದೆ, ಲೋಗೋದ ಅಗಲ ಮಾತ್ರ ಅದೇ 3.5.

ಈಗ ಅಧ್ಯಕ್ಷರಿಗೆ ಕೊಡೆ ಮಾಡಿಸುವ ಮನಸ್ಸಾಗಿದೆ. ಎಂಟು ತುಂಡಿನ ಕೊಡೆ, ಎಂಟರಲ್ಲೂ ಲೋಗೋ ಬೇಕಂತೆ. ಎದುರುಬದುರು ಎರಡು ತುಂಡಿಗೆ ಸಾಕು ಅಂತ ನನ್ನ ವಾದ. ಒಂದೇ ಸಲಕ್ಕೆ ಯಾರಿಗೂ ಎಂಟೂ ಕಾಣಲ್ಲ, ಬಿಚ್ಚಿದಾಗ ಹೆಚ್ಚಿನ ಕಡೆಯಿಂದ ಎರಡರಲ್ಲಿ ಒಂದು ಕಣ್ಣಿಗೆ ಬೀಳುತ್ತದೆ. ಲೋಗೋದ ಬುಡ ಅಂಚಿನ ಕಡೆಗಿರಬೇಕು, ತಲೆ ತುದಿಯ ಕಡೆಗೆ. ಅಗಲ 7 ಇಂಚು ಅಂತ ಕಾಗದ ಕತ್ತರಿಸಿಟ್ಟಿದ್ದೇನೆ. ಕೊಡೆ ಸ್ಯಾಂಪಲ್ ಇನ್ನೂ ಬಂದಿಲ್ಲ.